ಸಣ್ಣ ಕಿಡಿ, ದೊಡ್ಡ ಲೆಕ್ಕ: ಸರಕು ವಾಹನದ ಸ್ಪಾರ್ಕ್ ಪ್ಲಗ್ ಮತ್ತು ವೈರುಗಳ ಸಕಾಲಿಕ ಬದಲಾವಣೆ

ಬೆಳಗಿನ ಜಾವ ಐದು ಗಂಟೆ. ಜಿಲ್ಲಾ ಕೇಂದ್ರವೊಂದರ ಸಣ್ಣ ಬೇಕರಿ ಘಟಕದ ಮುಂದೆ ಸಿಎನ್‌ಜಿ ಸರಕು ವಾಹನವೊಂದು ಬ್ರೆಡ್ಡು, ಬನ್ನುಗಳ ಟ್ರೇಗಳನ್ನು ಹೇರಿಕೊಂಡು ನಿಂತಿದೆ. ಏಳು ಗಂಟೆಯೊಳಗೆ ಆಸ್ಪತ್ರೆಯ ಕ್ಯಾಂಟೀನಿಗೂ ಎರಡು ವಿದ್ಯಾರ್ಥಿನಿಲಯಗಳಿಗೂ ಮಾಲು ತಲುಪಬೇಕು. ಎಂಜಿನ್ ಮಾತ್ರ ತಿರುಗುತ್ತದೆಯೇ ಹೊರತು ಹಿಡಿಯುವುದಿಲ್ಲ. ‘ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ, ಏರಿನಲ್ಲಿ ಎಳೆಯುತ್ತಿಲ್ಲ’ ಎಂದು ಚಾಲಕನು ಒಂದು ತಿಂಗಳಿನಿಂದ ಹೇಳುತ್ತಲೇ ಇದ್ದನು. ‘ಈ ತಿಂಗಳು ಕಳೆಯಲಿ, ನೋಡೋಣ’ ಎಂಬುದು ಮಾಲೀಕರ ಉತ್ತರವಾಗಿತ್ತು. ಅಂದು ಬಾಡಿಗೆ ವಾಹನವನ್ನು ಹುಡುಕಿ ತರುವಷ್ಟರಲ್ಲಿ ಗಂಟೆ ಎಂಟಾಗುತ್ತದೆ. ಕ್ಯಾಂಟೀನಿನವರು ಬೇರೊಬ್ಬರಿಂದ ಮಾಲು ತರಿಸಿಕೊಂಡಾಗಿರುತ್ತದೆ.

ಇದು ಕಲ್ಪಿಸಿಕೊಂಡ ಉದಾಹರಣೆಯೇ ಆದರೂ ಸ್ವಂತ ವಾಹನವಿರುವ ಯಾವ ವ್ಯಾಪಾರಿಗೂ ಅಪರಿಚಿತವಾದುದಲ್ಲ. ಇಂತಹ ನಿಲುಗಡೆಗೆ ಅನೇಕ ಸಲ ಕಾರಣವಾಗುವುದು ಬೆರಳುದ್ದದ ಸ್ಪಾರ್ಕ್ ಪ್ಲಗ್, ಇಲ್ಲವೇ ಅದಕ್ಕೆ ವಿದ್ಯುತ್ತನ್ನು ಒಯ್ಯುವ ವೈರು. ಇವುಗಳ ಬೆಲೆಗೂ ಇವು ಉಂಟುಮಾಡುವ ನಷ್ಟಕ್ಕೂ ಇರುವ ಅಂತರವನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸಿದರೆ, ದುರಸ್ತಿಯನ್ನು ಮುಂದೂಡುವುದು ಉಳಿತಾಯವಲ್ಲ, ಅತಿ ಹೆಚ್ಚಿನ ಬಡ್ಡಿಯ ಸಾಲ ಎಂಬುದು ಮನವರಿಕೆಯಾಗುತ್ತದೆ.

ಯಾವ ವಾಹನಗಳಿಗೆ ಅನ್ವಯ?

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅಲ್ಲಿ ಗಾಳಿಯನ್ನು ತೀವ್ರವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಕೆಲವು ಡೀಸೆಲ್ ವಾಹನಗಳಲ್ಲಿರುವ ಗ್ಲೋ ಪ್ಲಗ್ ತಣ್ಣನೆಯ ಎಂಜಿನ್ ಚಾಲನೆಗೊಳ್ಳಲು ನೆರವಾಗುವ ಬೇರೆಯೇ ಸಾಧನ. ಬಹುಕಾಲ ನಮ್ಮ ಲಾರಿಗಳೆಲ್ಲ ಡೀಸೆಲ್‌ನವೇ ಆಗಿದ್ದುದರಿಂದ ಸ್ಪಾರ್ಕ್ ಪ್ಲಗ್ ಎಂದರೆ ಸ್ಕೂಟರು, ಕಾರುಗಳ ವಿಷಯ ಎಂಬ ಭಾವನೆ ವ್ಯಾಪಾರಿ ವಲಯದಲ್ಲಿ ಬೇರೂರಿತ್ತು.

ಈ ಪರಿಸ್ಥಿತಿ ಈಗ ಬದಲಾಗಿದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಸಣ್ಣ ಸರಕು ವಾಹನಗಳ ಹೊಸ ವರ್ಗವನ್ನೇ ಸೃಷ್ಟಿಸಿತು. ಆರಂಭದಲ್ಲಿ ಡೀಸೆಲ್ ಎಂಜಿನ್‌ನೊಂದಿಗೆ ಬಂದ ಈ ವರ್ಗದ ವಾಹನಗಳು ಮುಂದೆ ಸಿಎನ್‌ಜಿ ಮತ್ತು ಪೆಟ್ರೋಲ್ ಮಾದರಿಗಳಲ್ಲೂ ದೊರೆಯತೊಡಗಿದವು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಸಣ್ಣ ಡೀಸೆಲ್ ಎಂಜಿನ್‌ಗಳ ಹೊಗೆ ಶುದ್ಧೀಕರಣ ವ್ಯವಸ್ಥೆ ದುಬಾರಿಯಾದುದರಿಂದ ಪೆಟ್ರೋಲ್ ಮತ್ತು ಸಿಎನ್‌ಜಿಯತ್ತ ಒಲವು ಮತ್ತಷ್ಟು ಹೆಚ್ಚಿತು. ಮಧ್ಯಮ ಗಾತ್ರದ ಸಿಎನ್‌ಜಿ ಲಾರಿಗಳೂ ಇಂದು ರಸ್ತೆಯಲ್ಲಿವೆ. ಇವೆಲ್ಲವೂ ಕಿಡಿಯನ್ನು ಅವಲಂಬಿಸಿದ ಎಂಜಿನ್‌ಗಳು. ಡೀಸೆಲ್ ವಾಹನವನ್ನು ಕೊಟ್ಟು ಸಿಎನ್‌ಜಿ ವಾಹನವನ್ನು ಕೊಂಡ ಮಾಲೀಕರು ನಿರ್ವಹಣಾ ಪಟ್ಟಿಯನ್ನೂ ಬದಲಾಯಿಸಿಕೊಳ್ಳಬೇಕಾಗುತ್ತದೆ.

ಪ್ಲಗ್ ಮತ್ತು ವೈರು ಸವೆಯುವ ಬಗೆ

ಇಗ್ನಿಷನ್ ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟ್‌ಗಳಿಗೆ ಏರಿಸುತ್ತದೆ. ಆ ವಿದ್ಯುತ್ತು ವೈರಿನ ಮೂಲಕ ಪ್ಲಗ್‌ನ್ನು ತಲುಪಿ, ಅದರ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಸುಮಾರು ಒಂದು ಮಿಲಿಮೀಟರಿನ ಅಂತರವನ್ನು ಜಿಗಿಯುವಾಗ ಕಿಡಿ ಹುಟ್ಟುತ್ತದೆ. ಪ್ರತಿಯೊಂದು ಕಿಡಿಯೂ ಎಲೆಕ್ಟ್ರೋಡಿನ ಲೋಹವನ್ನು ಅತ್ಯಲ್ಪ ಪ್ರಮಾಣದಲ್ಲಿ ಸವೆಸುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್‌ನಲ್ಲಿ ಪ್ರತಿಯೊಂದು ಪ್ಲಗ್ ನಿಮಿಷಕ್ಕೆ ಕನಿಷ್ಠ 1,500 ಬಾರಿ ಕಿಡಿ ಹಾರಿಸಬೇಕೆಂದರೆ ಸವೆತದ ಪ್ರಮಾಣವನ್ನು ಊಹಿಸಬಹುದು. ಅಂತರ ಹೆಚ್ಚಿದಂತೆಲ್ಲ ಕಿಡಿಗೆ ಬೇಕಾಗುವ ವೋಲ್ಟೇಜ್ ಹೆಚ್ಚುತ್ತದೆ.

ಇಲ್ಲಿಯೇ ಪ್ಲಗ್ ಮತ್ತು ವೈರಿನ ಸಂಬಂಧ ಮುಖ್ಯವಾಗುವುದು. ಎಂಜಿನ್ನಿನ ಶಾಖಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡ ವೈರಿನ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಒಳಗಿನ ಕಾರ್ಬನ್ ಎಳೆಯೂ ತುಂಡಾಗಬಹುದು. ಪ್ಲಗ್‌ನ ಅಂತರವನ್ನು ಜಿಗಿಯುವುದಕ್ಕಿಂತ ಬಿರುಕಿನ ಮೂಲಕ ಎಂಜಿನ್ನಿನ ಲೋಹಕ್ಕೆ ಹಾರುವುದು ಸುಲಭವಾದಾಗ ವಿದ್ಯುತ್ತು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಕತ್ತಲಲ್ಲಿ ಬಾನೆಟ್ ತೆರೆದು ನೋಡಿದರೆ ವೈರಿನ ಮೇಲೆ ನೀಲಿ ಕಿಡಿಗಳು ಕಾಣುವುದುಂಟು. ಮಳೆಗಾಲದ ಮುಂಜಾನೆಗಳಲ್ಲಿ ತೊಂದರೆ ಹೆಚ್ಚಾಗುವುದಕ್ಕೂ ಈ ಬಿರುಕುಗಳೇ ಕಾರಣ. ಆದ್ದರಿಂದ ಹಳೆಯ ವೈರಿಗೆ ಹೊಸ ಪ್ಲಗ್ ಹಾಕುವುದಾಗಲಿ, ಸವೆದ ಪ್ಲಗ್‌ಗೆ ಹೊಸ ವೈರು ಹಾಕುವುದಾಗಲಿ ಅರ್ಧ ಕೆಲಸವಾಗುತ್ತದೆ. ಪ್ಲಗ್ ಬದಲಾಯಿಸುವ ಪ್ರತಿ ಸಲವೂ ವೈರುಗಳನ್ನು ಪರೀಕ್ಷಿಸಿ, ಗಡುಸಾಗಿದ್ದರೆ ಇಡೀ ಸೆಟ್ಟನ್ನು ಒಟ್ಟಿಗೆ ಬದಲಾಯಿಸುವುದು ಲೇಸು.

ಹೊಸ ಮಾದರಿಯ ಅನೇಕ ವಾಹನಗಳಲ್ಲಿ ಪ್ರತಿ ಪ್ಲಗ್‌ನ ಮೇಲೆಯೇ ಒಂದೊಂದು ಕಾಯಿಲ್ ಕುಳಿತಿರುವುದರಿಂದ ಉದ್ದನೆಯ ವೈರುಗಳಿರುವುದಿಲ್ಲ. ಅಲ್ಲಿ ಕಾಯಿಲ್‌ನ ಕೆಳಗಿನ ರಬ್ಬರ್ ಬೂಟನ್ನು ವೈರಿನಂತೆಯೇ ಪರಿಶೀಲಿಸಬೇಕು.

ಸಿಎನ್‌ಜಿ ವಾಹನಕ್ಕೆ ಹೆಚ್ಚಿನ ಎಚ್ಚರಿಕೆ

ನೈಸರ್ಗಿಕ ಅನಿಲವು ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದನ್ನು ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಪ್ಲಗ್, ವೈರು, ಕಾಯಿಲ್ ಮೂರರ ಮೇಲೂ ಹೊರೆ ಅಧಿಕ. ಪೆಟ್ರೋಲಿನಲ್ಲಿ ಸರಾಗವಾಗಿ ಓಡುವ ಗಾಡಿ ಸಿಎನ್‌ಜಿಗೆ ಬದಲಾಯಿಸಿದ ಕೂಡಲೇ ಜಗ್ಗತೊಡಗಿದರೆ ಮೊದಲು ಸಂಶಯಿಸಬೇಕಾದುದು ಇವುಗಳನ್ನೇ. ಸಾಮಾನ್ಯ ನಿಕ್ಕಲ್ ಪ್ಲಗ್‌ಗಳನ್ನು ಸಿಎನ್‌ಜಿ ವಾಹನದಲ್ಲಿ ಪೆಟ್ರೋಲ್ ವಾಹನಕ್ಕಿಂತ ಬೇಗ ಬದಲಾಯಿಸಬೇಕಾಗುತ್ತದೆ. ಇರಿಡಿಯಂ ತುದಿಯ ಪ್ಲಗ್‌ಗಳ ಬೆಲೆ ಹೆಚ್ಚಾದರೂ ಬಾಳಿಕೆಯೂ ಹೆಚ್ಚು. ನಿಕ್ಕಲ್ ಸುಮಾರು 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿಗೂ ಮೀರಿದ ಶಾಖ ಬೇಕು. ಎಷ್ಟು ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕು, ಅಂತರ ಎಷ್ಟಿರಬೇಕು ಎಂಬುದಕ್ಕೆ ಆಯಾ ವಾಹನದ ಕೈಪಿಡಿಯೇ ಅಂತಿಮ ಪ್ರಮಾಣ.

ಮುಂದೂಡಿಕೆಯ ನಿಜವಾದ ಬೆಲೆ

ಒಂದು ಲೆಕ್ಕವನ್ನು ಗಮನಿಸಬಹುದು. ಇಲ್ಲಿನ ಅಂಕಿಗಳೆಲ್ಲ ಊಹೆಯವು. ಓದುಗರು ತಮ್ಮ ವಾಹನದ ಅಂಕಿಗಳನ್ನು ಹಾಕಿಕೊಳ್ಳಬಹುದು. ವಾಹನವೊಂದು ದಿನಕ್ಕೆ 80 ಕಿ.ಮೀ.ಯಂತೆ ತಿಂಗಳಿಗೆ 25 ದಿನ ಓಡಿದರೆ ವರ್ಷಕ್ಕೆ 24,000 ಕಿ.ಮೀ. ಆಗುತ್ತದೆ. ಕಿಲೋಗೆ 20 ಕಿ.ಮೀ. ಸಿಕ್ಕರೆ ಬೇಕಾಗುವ ಅನಿಲ 1,200 ಕಿಲೋ. ಮಿಸ್ಸಿಂಗ್‌ನಿಂದಾಗಿ ಮೈಲೇಜ್ ಶೇಕಡ 10ರಷ್ಟು ಇಳಿದು 18 ಕಿ.ಮೀ. ಆದರೆ 1,333 ಕಿಲೋ ಬೇಕು. ಹೆಚ್ಚುವರಿ 133 ಕಿಲೋಗೆ, ಕಿಲೋ ರೂ. 85ರಂತೆ, ವರ್ಷಕ್ಕೆ ಸುಮಾರು ರೂ. 11,300 ವ್ಯರ್ಥ, ತಿಂಗಳಿಗೆ ರೂ. 940ಕ್ಕೂ ಹೆಚ್ಚು. ನಾಲ್ಕು ಪ್ಲಗ್ ಮತ್ತು ವೈರುಗಳ ಸೆಟ್ಟಿಗೆ ತೆರಿಗೆ ಬಿಟ್ಟು ರೂ. 3,000 ಎಂದಿಟ್ಟುಕೊಂಡರೂ, ಆ ಖರ್ಚು ಮೂರು ತಿಂಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಇಂಧನದ ಉಳಿತಾಯದಿಂದಲೇ ಮರಳಿ ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಒದಗುವುದು. ಸಿಲಿಂಡರಿನಲ್ಲಿ ಉರಿಯದೆ ಉಳಿದ ಇಂಧನ ಕನ್ವರ್ಟರನ್ನು ಸೇರಿ ಅಲ್ಲಿ ಉರಿಯುತ್ತದೆ. ಮಿತಿಮೀರಿದ ಶಾಖದಿಂದ ಅದರೊಳಗಿನ ಜೇನುಗೂಡಿನಂತಹ ಜಾಲರಿ ಕರಗಿ ಹೊಗೆಯ ದಾರಿ ಕಟ್ಟಿಕೊಳ್ಳುತ್ತದೆ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳಂತಹ ಬೆಲೆಬಾಳುವ ಲೋಹಗಳ ಲೇಪನವುಳ್ಳ ಈ ಭಾಗದ ಬೆಲೆಯ ಮುಂದೆ ಪ್ಲಗ್‌ಗಳ ಬೆಲೆ ಏನೇನೂ ಅಲ್ಲ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿನುಗುತ್ತಿದ್ದರೆ ಅದು ಕನ್ವರ್ಟರಿಗೆ ಹಾನಿಯಾಗುವಷ್ಟು ತೀವ್ರವಾದ ಮಿಸ್ಸಿಂಗ್‌ನ ಸೂಚನೆ. ಅಂತಹ ಸ್ಥಿತಿಯಲ್ಲಿ ಭಾರ ಹೇರಿ ವಾಹನವನ್ನು ಓಡಿಸಲೇಬಾರದು ಎಂದು ಚಾಲಕರಿಗೆ ತಿಳಿಸಿಡಬೇಕು.

ಮಿಸ್ಸಿಂಗ್ ಇರುವ ಎಂಜಿನ್ನಿನ ಹೊಗೆಯಲ್ಲಿ ಮಾಲಿನ್ಯವೂ ಹೆಚ್ಚು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಾಲಿನ್ಯ ಮಾನದಂಡದ ಉಲ್ಲಂಘನೆಗೆ ರೂ. 10,000ದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಸರಿಯಾದ ಪ್ಲಗ್‌ನ ಆಯ್ಕೆ

1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು ‘ಮೈಕೊ’ ಎಂಬ ಹೆಸರಿನಿಂದ ಸ್ಪಾರ್ಕ್ ಪ್ಲಗ್‌ನ್ನು ನಾಡಿನ ಮೂಲೆಮೂಲೆಗೂ ಪರಿಚಯಿಸಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು. ಇಂದು ಹಲವು ತಯಾರಕರ ಪ್ಲಗ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಿಡಿಭಾಗಗಳ ಅಂಗಡಿಯವರೆಗೆ ದೊರೆಯುತ್ತವೆ. ಆಯ್ಕೆ ಹೆಚ್ಚಾದಂತೆ ತಪ್ಪುವ ಅವಕಾಶವೂ ಹೆಚ್ಚು.

ಮರೆ ಉದ್ದ ಮತ್ತು ವ್ಯಾಸ ಹೊಂದಿಕೊಂಡರೆ ಸಾಕೆಂಬುದು ತಪ್ಪು ತಿಳಿವಳಿಕೆ. ಪ್ಲಗ್ ತನ್ನ ಶಾಖವನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬ ಗುಣಕ್ಕೆ ‘ಹೀಟ್ ರೇಂಜ್’ ಎನ್ನುತ್ತಾರೆ. ಬೇಕಾದುದಕ್ಕಿಂತ ತಣ್ಣಗಿನ ಪ್ಲಗ್ ಮಸಿ ಹಿಡಿಯುತ್ತದೆ. ಬಿಸಿಯಾದ ಪ್ಲಗ್ ಕೆಂಪಗೆ ಕಾದು, ಕಿಡಿ ಹಾರುವ ಮೊದಲೇ ಇಂಧನವನ್ನು ಹೊತ್ತಿಸಿ ಪಿಸ್ಟನ್ನಿಗೆ ಹಾನಿ ಮಾಡಬಹುದು. ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳ ಸಂಕೇತದಲ್ಲಿ ದೊಡ್ಡ ಸಂಖ್ಯೆ ತಣ್ಣಗಿನ ಪ್ಲಗ್‌ನ್ನು ಸೂಚಿಸಿದರೆ, ಬಾಷ್ ಪ್ಲಗ್‌ಗಳಲ್ಲಿ ದೊಡ್ಡ ಸಂಖ್ಯೆ ಬಿಸಿ ಪ್ಲಗ್‌ನ ಸೂಚನೆ. ಸಂಖ್ಯೆಯನ್ನು ಮಾತ್ರ ಹೋಲಿಸಿ ಬೇರೆ ತಯಾರಕರ ಪ್ಲಗ್ ಕೊಳ್ಳುವುದು ಎಂಜಿನ್ನಿಗೆ ಅಪಾಯಕರ. ತಯಾರಕರ ಹೊಂದಾಣಿಕೆ ಪಟ್ಟಿಯನ್ನು ನೋಡಿಯೇ ಖರೀದಿಸಬೇಕು.

ನಕಲಿ ಮಾಲಿನ ಕಾಟವೂ ಉಂಟು. ಅಕ್ಷರಗಳು ಮಸುಕಾದ ಮುದ್ರಣ, ತಯಾರಕರ ವಿಳಾಸವಿಲ್ಲದ ಪೆಟ್ಟಿಗೆ, ಒರಟಾದ ಮರೆ, ಓರೆಯಾದ ಎಲೆಕ್ಟ್ರೋಡ್ ಇವು ಎಚ್ಚರಿಕೆಯ ಗುರುತುಗಳು. ಸುಳ್ಳು ವ್ಯಾಪಾರ ಚಿಹ್ನೆಯ ಸರಕನ್ನು ಮಾರುವುದಕ್ಕೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ ಅಡಿಯಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ ಹಾಗೂ ರೂ. 50,000ದಿಂದ ಎರಡು ಲಕ್ಷದವರೆಗೆ ದಂಡವಿದೆ. ಬಿಡಿಭಾಗಗಳ ವ್ಯಾಪಾರದಲ್ಲಿರುವ ಸದಸ್ಯರೂ ಇದನ್ನು ಗಮನಿಸಬೇಕು. ಬಿಲ್ ಇಲ್ಲದೆ ಅಗ್ಗಕ್ಕೆ ಬಂದ ಮಾಲು ಕೊಳ್ಳುವವರಿಗೂ ಮಾರುವವರಿಗೂ ದುಬಾರಿಯೇ.

ಬದಲಾಯಿಸುವಾಗ ಮಾಲೀಕರು ಗಮನಿಸಬೇಕಾದುದು

ಕೆಲಸವನ್ನು ಮೆಕ್ಯಾನಿಕ್ ಮಾಡಿದರೂ ಕ್ರಮ ತಿಳಿದಿದ್ದರೆ ಮೇಲ್ವಿಚಾರಣೆ ಸಾಧ್ಯ. ಎಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಬೇಕು. ಬಿಸಿಯಿದ್ದಾಗ ಬಿಚ್ಚಿದರೆ ಅಲ್ಯುಮಿನಿಯಂ ಹೆಡ್ಡಿನ ಮರೆ ಕಿತ್ತುಬರುವ ಭಯವಿದೆ. ಸಿಎನ್‌ಜಿ ವಾಹನದಲ್ಲಿ ಅನಿಲದ ವಾಸನೆ ಬರುತ್ತಿದ್ದರೆ ಕಿಡಿಯ ಪರೀಕ್ಷೆಗೆ ಕೈಹಾಕದೆ ಮೊದಲು ಸೋರಿಕೆಯನ್ನು ಅಧಿಕೃತ ಕೇಂದ್ರದಲ್ಲಿ ಸರಿಪಡಿಸಿಕೊಳ್ಳಬೇಕು.

ವೈರುಗಳನ್ನು ಒಂದೊಂದಾಗಿಯೇ ಬದಲಾಯಿಸಬೇಕು. ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಯಾವುದು ಯಾವ ಸಿಲಿಂಡರಿನದು ಎಂಬ ಗೊಂದಲವುಂಟಾಗಿ ಹೊಸ ತೊಂದರೆ ಹುಟ್ಟುತ್ತದೆ. ಎಳೆಯುವಾಗ ವೈರನ್ನು ಹಿಡಿಯದೆ ತುದಿಯ ರಬ್ಬರ್ ಬೂಟನ್ನು ಹಿಡಿದು ತುಸು ತಿರುಗಿಸಿ ಎಳೆಯಬೇಕು. ಪ್ಲಗ್ ಬಿಚ್ಚುವ ಮೊದಲು ಕುಳಿಯಲ್ಲಿನ ದೂಳನ್ನು ಗಾಳಿಯಿಂದ ಊದಿಸದಿದ್ದರೆ ಅದು ಸಿಲಿಂಡರಿನೊಳಕ್ಕೆ ಬೀಳುತ್ತದೆ. ಹೊಸ ಪ್ಲಗ್‌ನ ಅಂತರವನ್ನು ಗೇಜಿನಿಂದ ಅಳೆದು, ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ಬಿಗಿಗೊಳಿಸಲು ಟಾರ್ಕ್ ರೆಂಚ್ ಬಳಸಿ ಕೈಪಿಡಿಯಲ್ಲಿನ ಅಳತೆಯನ್ನು ಪಾಲಿಸುವುದು ಉತ್ತಮ. ಅತಿ ಬಿಗಿಯಾದರೆ ಮರೆ ಹಾಳಾಗುತ್ತದೆ; ಸಡಿಲವಾದರೆ ಶಾಖ ಹರಿಯದೆ ಪ್ಲಗ್ ಸುಡುತ್ತದೆ. ಬೂಟು ‘ಟಕ್’ ಎಂದು ಕುಳಿತ ಶಬ್ದ ಕೇಳಿಸಬೇಕು.

ತೆಗೆದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲಿ ಸಾಲಾಗಿ ಇರಿಸಿ ನೋಡಬೇಕು. ಎಂಜಿನ್ನಿನ ಆರೋಗ್ಯದ ವರದಿ ಅವುಗಳ ತುದಿಯಲ್ಲಿರುತ್ತದೆ. ತಿಳಿಗಂದು ಅಥವಾ ಬೂದು ಬಣ್ಣ ಸುಸ್ಥಿತಿಯ ಗುರುತು. ಒಣ ಕರಿ ಮಸಿಯಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು ಇಲ್ಲವೇ ಇಂಧನ ಹೆಚ್ಚಾಗಿರಬಹುದು. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲು ಸವೆದಿರಬಹುದು. ಬಿಳಿಯ ಬೊಬ್ಬೆಗಳಿದ್ದರೆ ಅತಿಯಾದ ಶಾಖ. ಒಂದೇ ಪ್ಲಗ್ ಬೇರೆಯಾಗಿ ಕಂಡರೆ ದೋಷ ಆ ಸಿಲಿಂಡರಿನದು. ಅಂತಹ ದೋಷ ಹೊಸ ಪ್ಲಗ್‌ನಿಂದ ಮಾತ್ರ ನಿವಾರಣೆಯಾಗದು.

ದೋಷವಿರುವ ಭಾಗವನ್ನು ಗುರುತಿಸಲು ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ಸ್ಕ್ಯಾನರ್ ಮೂರನೆಯ ಸಿಲಿಂಡರಿನ ಮಿಸ್ಸಿಂಗನ್ನು ಸೂಚಿಸುವ ಪಿ0303 ಸಂಕೇತವನ್ನು ತೋರಿಸಿದರೆ, ಆ ಸಿಲಿಂಡರಿನ ಪ್ಲಗ್‌ನ್ನು ಎರಡನೆಯದಕ್ಕೆ ಅದಲುಬದಲು ಮಾಡಿ ನೋಡಬೇಕು. ಸಂಕೇತ ಪಿ0302 ಎಂದು ಬದಲಾದರೆ ದೋಷ ಪ್ಲಗ್‌ನದೇ. ಬದಲಾಗದಿದ್ದರೆ ವೈರನ್ನು ಮಲ್ಟಿಮೀಟರಿನಿಂದ ಅಳೆದು, ಕಾಯಿಲ್ ಮತ್ತು ಇಂಜೆಕ್ಟರನ್ನು ಪರೀಕ್ಷಿಸಬೇಕು. ಊಹೆಯ ಮೇಲೆ ಒಂದಾದ ಮೇಲೊಂದು ಬಿಡಿಭಾಗ ಬದಲಾಯಿಸುವ ಪದ್ಧತಿಯಿಂದಲೇ ಗ್ಯಾರೇಜಿನ ಬಿಲ್ಲು ಬೆಳೆಯುವುದು.

ಲೆಕ್ಕಪತ್ರ ಮತ್ತು ತೆರಿಗೆ

ಸವೆದ ಪ್ಲಗ್, ವೈರುಗಳ ಬದಲಾವಣೆ ಚಾಲ್ತಿ ದುರಸ್ತಿಯ ವೆಚ್ಚ. ಇರುವ ಆಸ್ತಿಯನ್ನು ಕಾಪಾಡಿಕೊಂಡು ಹೋಗುವ ವೆಚ್ಚ ಚಾಲ್ತಿ ದುರಸ್ತಿ, ಹೊಸ ಆಸ್ತಿ ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚ ಹಾಗಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಕಲಮಿಗೆ ಸಂಬಂಧಿಸಿದ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸ್ಪಷ್ಟಪಡಿಸಿದೆ. ಆದಕಾರಣ ಈ ಮೊತ್ತವನ್ನು ವಾಹನದ ಖಾತೆಗೆ ಸೇರಿಸದೆ ಆಯಾ ವರ್ಷದ ಲಾಭ-ನಷ್ಟ ಖಾತೆಗೇ ಖರ್ಚು ಹಾಕಬೇಕು. ಪೆಟ್ರೋಲ್ ವಾಹನಕ್ಕೆ ಹೊಸದಾಗಿ ಸಿಎನ್‌ಜಿ ಕಿಟ್ ಅಳವಡಿಸಿದರೆ ಅದು ಸಾಮಾನ್ಯವಾಗಿ ಬಂಡವಾಳ ವೆಚ್ಚವಾಗುತ್ತದೆ. ಅಂದಾಜು ಆದಾಯ ಪದ್ಧತಿಯನ್ನು ಆರಿಸಿಕೊಂಡವರಿಗೆ ದುರಸ್ತಿಯ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ಹಾಗಿದ್ದರೂ ಉಳಿದ ಇಂಧನದ ಹಣ ಅವರ ಕೈಯಲ್ಲೇ ಉಳಿಯುತ್ತದೆ.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ವಾಹನದ ಮೇಲಿನ ಹೂಡುವಳಿ ತೆರಿಗೆ ಜಮೆ ಸಿಗುವುದೇ ಇಲ್ಲವೆಂದು ಭಾವಿಸಿ ಅನೇಕರು ಅದನ್ನು ಕೈಬಿಡುತ್ತಾರೆ. 17(5)ನೆಯ ಕಲಮಿನ ನಿರ್ಬಂಧವು ಮುಖ್ಯವಾಗಿ ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನಗಳಿಗೆ ಸಂಬಂಧಿಸಿದ್ದು. ಸರಕು ಸಾಗಣೆಯ ವಾಹನ ಮತ್ತು ಅದರ ದುರಸ್ತಿಗೆ ಅದು ಅನ್ವಯಿಸುವುದಿಲ್ಲ. ಹಿಂದೆ ಶೇಕಡ 28ರಷ್ಟಿದ್ದ ಸ್ಪಾರ್ಕ್ ಪ್ಲಗ್‌ನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದಿದೆ. ಮೇಲಿನ ರೂ. 3,000ದ ಸೆಟ್ಟಿಗೆ ತೆರಿಗೆ ಈಗ ರೂ. 540 ಆಗುತ್ತದೆ, ಅದೂ ಜಮೆಯಾಗಿ ಮರಳಿ ದೊರೆಯುತ್ತದೆ.

ಇದಕ್ಕೆ ಷರತ್ತುಗಳಿವೆ. ಖರೀದಿದಾರರ ನೋಂದಣಿ ಸಂಖ್ಯೆಯಿರುವ ತೆರಿಗೆ ಬಿಲ್ ಬೇಕು. ಅದು ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಿರಬೇಕು. ಪೂರೈಕೆದಾರರಿಗೆ 180 ದಿನಗಳೊಳಗೆ ಹಣ ಸಂದಾಯವಾಗಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ, ತಾಜಾ ತರಕಾರಿಯಂತಹ ತೆರಿಗೆ ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೂ ಈ ಜಮೆ ಇಲ್ಲ. ಜಮೆ ಪಡೆದ ತೆರಿಗೆಯನ್ನು ಪುನಃ ಖರ್ಚಿನಲ್ಲಿ ತೋರಿಸುವಂತಿಲ್ಲ. ಒಂದೇ ದಿನ ಒಬ್ಬರಿಗೆ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚ ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲವಾದುದರಿಂದ ದೊಡ್ಡ ದುರಸ್ತಿಯ ಬಿಲ್ಲನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕು.

ಪ್ರತಿ ವಾಹನಕ್ಕೂ ಒಂದು ಪುಸ್ತಕ

ದುಬಾರಿ ತಂತ್ರಾಂಶದ ಅಗತ್ಯವಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಾಂಕ, ಓಡಿದ ಕಿಲೋಮೀಟರು, ತುಂಬಿದ ಇಂಧನ, ಬದಲಾಯಿಸಿದ ಭಾಗ ಮತ್ತು ಅದರ ಸಂಕೇತ, ಬಿಲ್ಲಿನ ಸಂಖ್ಯೆ, ಮುಂದಿನ ಬದಲಾವಣೆಯ ಕಿಲೋಮೀಟರು ಎಂಬ ಆರು ಅಂಕಣಗಳಿರಲಿ. ಚಾಲಕನ ದೂರಿಗೆಂದು ಒಂದು ಸಾಲನ್ನು ಬಿಡಲಿ. ತಿಂಗಳ ಕೊನೆಯಲ್ಲಿ ಕಿಲೋಮೀಟರನ್ನು ಇಂಧನದಿಂದ ಭಾಗಿಸಿ ನೋಡಿದರೆ ಮೈಲೇಜಿನ ಇಳಿತ ತಾನಾಗಿಯೇ ಕಾಣುತ್ತದೆ. ತೆಗೆದ ಹಳೆಯ ಭಾಗಗಳನ್ನು ಹಿಂದಕ್ಕೆ ಪಡೆಯುವ ರೂಢಿಯಿಟ್ಟುಕೊಂಡರೆ, ಬಿಲ್ಲಿನಲ್ಲಿ ಬರೆದುದು ನಿಜವಾಗಿ ಬದಲಾಗಿದೆಯೆಂಬ ಖಾತರಿಯೂ ಆಗುತ್ತದೆ.

ಆ ಬೇಕರಿಯ ಮಾಲೀಕರ ಬಳಿ ಇಂತಹ ಪುಸ್ತಕವಿದ್ದಿದ್ದರೆ ಚಾಲಕನ ಮಾತು ಮೊದಲ ವಾರದಲ್ಲೇ ಅಂಕಿಯಾಗಿ ಅವರ ಕಣ್ಣಿಗೆ ಬೀಳುತ್ತಿತ್ತು. ಇಂಧನದ ನಷ್ಟವನ್ನೂ ಬಾಡಿಗೆಯ ಹಣವನ್ನೂ ಅವರು ಮುಂದಿನ ತಿಂಗಳುಗಳಲ್ಲಿ ತುಂಬಿಕೊಳ್ಳಬಹುದು. ಸಮಯಕ್ಕೆ ಮಾಲು ಬರುತ್ತದೆಂದು ನಂಬಿದ್ದ ಕ್ಯಾಂಟೀನಿನವರು ಮರಳಿ ಬರುವರೆಂಬ ಖಾತರಿ ಮಾತ್ರ ಯಾವ ಖಾತೆಯಲ್ಲೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಪ್ಲಗ್ ಮತ್ತು ವೈರುಗಳ ಬದಲಾವಣೆಯನ್ನು ಗಾಡಿ ನಿಂತ ದಿನದ ಕೆಲಸವೆಂದು ಬಗೆಯದೆ, ಬಾಡಿಗೆ, ಕಂತು, ವಿಮೆಗಳಂತೆ ದಿನಾಂಕ ಗೊತ್ತಿರುವ ವೆಚ್ಚವೆಂದು ಬಗೆದು ಆಯವ್ಯಯದಲ್ಲಿ ಮೊದಲೇ ತೆಗೆದಿರಿಸುವುದು ಲೇಸು.